ಜಿದ್ದಿಗೂ ನೆರೆಹೊರೆ ಬೇಕು

ನ್ಯೂಜೆರ್ಸಿಯ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಕಾಂಕ್ರೀಟಿನಲ್ಲಿ ಹೂತ ಸಣ್ಣದೊಂದು ಫಿರಂಗಿಯಿದೆ. 1875ರಲ್ಲಿ ಅದೇ ರಾಜ್ಯದ ರಟ್‌ಗರ್ಸ್ ಕಾಲೇಜಿನ ಹುಡುಗರು ರಾತ್ರಿ ಬಂದು ಅದನ್ನು ಹೊತ್ತೊಯ್ದಿದ್ದರು. ಎರಡೂ ಕಡೆಯ ಹಿರಿಯರು ಪಂಚಾಯ್ತಿ ಮಾಡಿದ ಮೇಲೆ ಅದು ಮರಳಿ ಬಂತು. ಆ ಮೇಲೂ ರಟ್‌ಗರ್ಸ್‌ನವರು ಕದ್ದು ಬಂದು ಪ್ರಿನ್ಸ್‌ಟನ್‌ನ ಫಿರಂಗಿಗೆ ತಮ್ಮ ಬಣ್ಣವಾದ ಕೆಂಪು ಬಳಿದು ಹೋಗುವುದುಂಟು.

ಅಮೆರಿಕದ ಕಾಲೇಜು ಫುಟ್‌ಬಾಲ್ ಹುಟ್ಟಿದ್ದು ಇದೇ ಜಿದ್ದಿನಿಂದ. 1869ರ ನವೆಂಬರ್ 6ರಂದು ರಟ್‌ಗರ್ಸ್‌ನ ಊರಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ತಂಡಕ್ಕೆ 25 ಜನರಂತೆ ಆಡಿ ರಟ್‌ಗರ್ಸ್ 6–4ರಿಂದ ಗೆದ್ದಿತು. ಮುಂದಿನ ವಾರವೇ ಪ್ರಿನ್ಸ್‌ಟನ್ 8–0ರಿಂದ ಸೇಡು ತೀರಿಸಿಕೊಂಡಿತು. ನಡುವಿನ ದಾರಿ ಸುಮಾರು 25 ಕಿಲೋಮೀಟರ್. ಸೋತವನು ಮರುದಿನ ಗೆದ್ದವನ ಮುಖ ನೋಡಬೇಕು ಎಂಬಷ್ಟು ಹತ್ತಿರ.

ಈ ಪಂದ್ಯಗಳ ಸರಣಿ 1980ಕ್ಕೆ ಕೊನೆಗೊಂಡಿತು. ತಪ್ಪೆನ್ನಲಾಗದು: ಪ್ರಿನ್ಸ್‌ಟನ್ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ, ರಟ್‌ಗರ್ಸ್‌ಗೆ ದೊಡ್ಡ ಕಣ ಬೇಕಿತ್ತು. ಆದರೆ ಆ ಜಾಗಕ್ಕೆ ಬಂದದ್ದೇನು? 2014ರಲ್ಲಿ ರಟ್‌ಗರ್ಸ್ ‘ಬಿಗ್ ಟೆನ್’ ಎಂಬ ಕಾಲೇಜು ತಂಡಗಳ ಕೂಟ ಸೇರಿತು. ಕೂಟದ ಕಣ್ಣಿದ್ದದ್ದು ನ್ಯೂಯಾರ್ಕ್ ಸುತ್ತಲಿನ ಟಿವಿ ಮನೆಗಳ ಮೇಲೆ. 2024ರಲ್ಲಿ ಲಾಸ್ ಏಂಜಲೀಸ್‌ನ ಎರಡು ತಂಡಗಳೂ ಅದೇ ಕೂಟಕ್ಕೆ ಬಂದವು. ದುಡ್ಡು ಬಂತು, ಹೆಸರೂ ಬಂತು. ಆದರೆ ವಿಮಾನ ಹತ್ತಿ ಬರುವ ಎದುರಾಳಿಯ ಮೇಲೆ ಹೊಟ್ಟೆಯುರಿ ಹುಟ್ಟುವುದಾದರೂ ಹೇಗೆ?

ಅಭಿಮಾನ ಎಲ್ಲಿ ಬೆಳೆಯುತ್ತದೆ ಎಂಬುದನ್ನು ತೋರಿಸಿದವರು ರಟ್‌ಗರ್ಸ್‌ನ ತರಬೇತುದಾರ ಗ್ರೆಗ್ ಶಿಯಾನೊ. ಅವರು ನ್ಯೂಜೆರ್ಸಿಯ ಬರ್ಗನ್ ಕೌಂಟಿಯಲ್ಲೇ ಬೆಳೆದವರು. ಡಾನ್ ಬಾಸ್ಕೊ, ಬರ್ಗನ್ ಕ್ಯಾಥೊಲಿಕ್, ಸೇಂಟ್ ಜೋಸೆಫ್ ಶಾಲೆಗಳು ಒಂದನ್ನೊಂದು ಸೋಲಿಸಲು ಕಾಯುವ ಸೀಮೆ ಅದು. ಅವರು ಊರಿನ ಶಾಲೆಗಳಿಂದ ಹುಡುಗರನ್ನು ಆರಿಸಿದರು. ಅವರ ತಂಡದ ಆಟಗಾರರಾದ ಮೆಕೋರ್ಟಿ ಅವಳಿ ಸೋದರರು ಸೇಂಟ್ ಜೋಸೆಫ್‌ನಿಂದಲೇ ಬಂದವರು. 2006ರ ನವೆಂಬರ್ 9ರಂದು ರಟ್‌ಗರ್ಸ್ ಲೂಯಿವಿಲ್ ತಂಡವನ್ನು 28–25ರಿಂದ ಮಣಿಸಿದಾಗ ಎಂಪೈರ್ ಸ್ಟೇಟ್ ಕಟ್ಟಡ ಕೆಂಪು ದೀಪ ಹೊತ್ತು ನಿಂತಿತ್ತು. ಶಾಲೆಯ ಮೈದಾನದಲ್ಲಿ ಬೈದಾಡಿಕೊಂಡವರು ಅಂದು ಒಂದೇ ತಂಡಕ್ಕೆ ಕೂಗಿದರು.

ಶಾಲೆಗಳ ಜಿದ್ದಿಗೂ ಕೊಳಕು ಮುಖವಿದೆ. ಹೆಸರಾಂತ ಖಾಸಗಿ ಶಾಲೆಗಳು ದೂರದ ಪ್ರತಿಭೆಯನ್ನು ಸೆಳೆದುಕೊಂಡರೆ ಪಕ್ಕದ ಸರ್ಕಾರಿ ಶಾಲೆ ಸೊರಗುತ್ತದೆ. ಆಗ ಶಾಲೆಗಳ ಜಿದ್ದೂ ಸಣ್ಣ ‘ಬಿಗ್ ಟೆನ್’ ಆಗಿಬಿಡುತ್ತದೆ.

ನೆರೆಹೊರೆಯ ಜಿದ್ದು ನಮ್ಮಲ್ಲೂ ಇದೆ. ಕೊಡಗಿನಲ್ಲಿ 1997ರಿಂದ ನಡೆದುಬಂದ, ಮನೆತನಗಳೇ ತಂಡಗಳಾಗಿ ಆಡುವ ಕೊಡವ ಕೌಟುಂಬಿಕ ಹಾಕಿಯಲ್ಲಿ ಎದುರಾಳಿಗಳು ನೆಂಟರೇ. ಜನ ಸೇರುವುದೂ ಅದಕ್ಕೇ. ರಟ್‌ಗರ್ಸ್‌ಗೆ ಪ್ರಿನ್ಸ್‌ಟನ್ ಮತ್ತೆ ಸಿಗದಿರಬಹುದು. ಶುಕ್ರವಾರ ಸಂಜೆ ಪಂದ್ಯ ನಡೆಯುವ ಶಾಲೆಯ ಮೈದಾನವಂತೂ ಪಕ್ಕದಲ್ಲೇ ಇದೆ. ಅಲ್ಲಿಗೆ ವಿಮಾನ ಬೇಡ.