ಒಗರಿಗೆ ಜಾಗವಿಲ್ಲದ ಚಕ್ರ

ಬಿಳಿ ವೈನಿನ ವರ್ಣನೆಗಳಲ್ಲಿ 'ಗೂಸ್‌ಬೆರಿ' ಎಂಬ ಪದ ಪದೇಪದೇ ಬರುತ್ತದೆ. ಸೊವಿನ್ಯೋ ಬ್ಲಾಂ ದ್ರಾಕ್ಷಿಯ ವೈನ್ ಆದರಂತೂ ಬಹುಮಟ್ಟಿಗೆ ಖಚಿತ. ಅದನ್ನು ನೆಲ್ಲಿಕಾಯಿ ಎಂದೇ ತಿಳಿದಿದ್ದ ನಾನು ಎಷ್ಟೋ ದಿನ ಲೋಟದೊಳಗೆ ನೆಲ್ಲಿಕಾಯಿಯನ್ನು ಹುಡುಕಿದೆ. ಸಿಗಲಿಲ್ಲ. ಆ ಹಣ್ಣು ಯುರೋಪಿನ ಮುಳ್ಳುಪೊದೆಯೊಂದರದು, ನಮ್ಮ ನೆಲ್ಲಿಗೂ ಅದಕ್ಕೂ ನಂಟಿಲ್ಲ ಎಂದು ತಿಳಿದದ್ದು ತಡವಾಗಿ. ಬೇರೆ ಬೇರೆ ಸೀಮೆಗಳ ವೈನನ್ನು ಸವಿಯಲು ಹೊರಟ ಕನ್ನಡಿಗರಿಗೆ ನಾಲಿಗೆ ಚೆನ್ನಾಗಿಯೇ ಇರುತ್ತದೆ, ಕೈಕೊಡುವುದು ಪದಗಳು.

ಈ ಪದಗಳಿಗೊಂದು ಕ್ರಮ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ವಿಜ್ಞಾನಿ ಆನ್ ನೋಬಲ್. 1984ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ 'ಅರೋಮಾ ವೀಲ್' ಮೂರು ಸುತ್ತಿನ ಪರಿಮಳ ಚಕ್ರ. ಒಳಸುತ್ತಿನಲ್ಲಿ ಹಣ್ಣು, ಹೂವು, ಮಸಾಲೆ, ಮರ, ಮಣ್ಣು ಮುಂತಾದ ಹನ್ನೆರಡು ಗುಂಪುಗಳಿವೆ. ಹೊರಕ್ಕೆ ಸರಿದಂತೆ ಅವು ಒಡೆಯುತ್ತಾ ಹೋಗಿ, ಕೊನೆಯ ಸುತ್ತಿನಲ್ಲಿ ಲವಂಗ, ಕಾಳುಮೆಣಸು, ಬ್ಲ್ಯಾಕ್‌ಕರೆಂಟ್ ಎಂದು ಕೈಗೆ ಸಿಗುವ ವಸ್ತುಗಳಾಗಿ ನಿಲ್ಲುತ್ತವೆ. 'ಸೊಗಸಾಗಿದೆ', 'ಗಂಭೀರವಾಗಿದೆ' ಎಂಬ, ಯಾರೂ ಪರೀಕ್ಷಿಸಲಾಗದ ಮಾತನ್ನು ಬಿಟ್ಟು ಮೂಗಿಗೆ ತಗುಲಿದ್ದನ್ನು ಹೇಳಿ ಎಂಬುದು ಅದರ ನಿಲುವು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಕೈದೀವಿಗೆಯನ್ನು ನಾನು ಕಂಡಿಲ್ಲ.

ಚಕ್ರದ ನಿಜವಾದ ಬಲ ಅದರ ಜೊತೆಗಿನ ಅಭ್ಯಾಸದಲ್ಲಿದೆ. ಸಪ್ಪೆ ವೈನಿಗೆ ಒಂದು ವಸ್ತುವನ್ನು ಹಾಕಿ, ಮೂಸಿ, ಆ ವಾಸನೆಯನ್ನು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು. ನಾನು ಅಡುಗೆಮನೆಯಲ್ಲೇ ಮಾಡಿದೆ: ಕೆಂಪು ವೈನಿಗೆ ಜಜ್ಜಿದ ಕಾಳುಮೆಣಸು, ಬಿಳಿಯದಕ್ಕೆ ದೊಣ್ಣೆಮೆಣಸಿನಕಾಯಿಯ ಚೂರು. ಮುಚ್ಚಿಟ್ಟು ಹತ್ತು ನಿಮಿಷ ಕಾದೆ. ಆಮೇಲೆ ಫ್ರಾನ್ಸಿನ ಉತ್ತರ ರೋನ್ ಕಣಿವೆಯ ಸಿರಾ ವೈನನ್ನು ಮೂಗಿನ ಹತ್ತಿರ ತಂದಾಗ ಮೆಣಸು ತಾನಾಗಿ ಎದ್ದು ಬಂತು. ಅದು ಬರಿಯ ಹೋಲಿಕೆಯಲ್ಲ. ರೊಟಂಡೋನ್ ಎಂಬ ಒಂದೇ ಸಂಯುಕ್ತ ಕಾಳುಮೆಣಸಿನಲ್ಲೂ ಈ ದ್ರಾಕ್ಷಿಯಲ್ಲೂ ಇದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ಸುಮಾರು ಐವರಲ್ಲಿ ಒಬ್ಬರಿಗೆ ಅದರ ವಾಸನೆಯೇ ಹತ್ತುವುದಿಲ್ಲವೆಂಬುದೂ ಆಗ ಗೊತ್ತಾಯಿತು. ಹಾಗಾಗಿ ಪಕ್ಕದವರಿಗೆ ಸಿಕ್ಕಿದ್ದು ನಮಗೆ ಸಿಗದಿದ್ದರೆ ಕುಗ್ಗಬೇಕಾಗಿಲ್ಲ.

ಮೂಗು ಇಷ್ಟು ಪಳಗಿದ ಮೇಲೆ ಒಂದೇ ದ್ರಾಕ್ಷಿಯ ಹಲವು ಸೀಮೆಗಳ ವೈನನ್ನು ಒಟ್ಟಿಗೆ ಇಟ್ಟುಕೊಂಡು ಕೂರಬೇಕು. ರೋನ್‌ನ ಸಿರಾ ಆಸ್ಟ್ರೇಲಿಯಾದಲ್ಲಿ ಶಿರಾಜ್ ಆಗುತ್ತದೆ. ತಂಪು ಸೀಮೆಯಲ್ಲಿ ಮುಂದೆ ನಿಲ್ಲುವ ಮೆಣಸು ಆಸ್ಟ್ರೇಲಿಯಾದ ಬರೋಸಾದ ಬಿಸಿಲಲ್ಲಿ ಹಿಂದೆ ಸರಿದು, ಹಣ್ಣಿನ ಪಾಕದಂಥ ದಟ್ಟ ಘಮ ತುಂಬಿಕೊಳ್ಳುತ್ತದೆ. ಇದೇ ಶಿರಾಜ್ ನಂದಿಬೆಟ್ಟದ ತಪ್ಪಲಲ್ಲೂ ಇದೆ. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಆರಂಭವಾದ ಗ್ರೋವರ್ ತೋಟದ 'ಲಾ ರಿಸರ್ವ್', ಕ್ಯಾಬರ್ನೆ ಸೊವಿನ್ಯೋ ಮತ್ತು ಶಿರಾಜ್‌ಗಳ ಬೆರಕೆ. ನಮ್ಮಲ್ಲಿ ಬಳ್ಳಿಗೆ ಹಿಮಗಾಲದ ನಿದ್ದೆಯಿಲ್ಲ. ವಿಜಯಪುರದ ಬೆಳೆಗಾರರು 'ಚಾಟ್ನಿ' ಎನ್ನುವ ಸವರುವಿಕೆ ವರ್ಷಕ್ಕೆ ಎರಡು ಬಾರಿ ಆಗಬೇಕು, ಫಸಲು ಮಾತ್ರ ಒಂದೇ. ಯುರೋಪಿನಲ್ಲಿ ಹಣ್ಣು ಮಾಗುವುದು ಹವೆ ತಂಪಾಗುತ್ತಾ ಹೋಗುವಾಗ; ಇಲ್ಲಿ ಮಾಗುವುದು ಫೆಬ್ರುವರಿ, ಮಾರ್ಚ್‌ನ ಏರುಬಿಸಿಲಲ್ಲಿ. ಬಿಸಿಲೇರಿದಂತೆ ಹಣ್ಣಿನ ಹುಳಿ ಬೇಗ ಇಳಿಯುತ್ತದೆ. ಆದ್ದರಿಂದ ಇಲ್ಲಿನ ವೈನಿನಲ್ಲಿ ನಾನು ಮೊದಲು ನೋಡುವುದು ಹುಳಿ ಉಳಿದಿದೆಯೇ ಎಂದು. ಹುಳಿ ಉಳಿಸಿಕೊಂಡ ನಂದಿಯ ಕೆಂಪು ವೈನ್ ಊಟದ ಪಕ್ಕದಲ್ಲಿ ಹಾಯಾಗಿ ಕೂರುತ್ತದೆ, ಕಳೆದುಕೊಂಡದ್ದು ಎರಡನೆಯ ಲೋಟಕ್ಕೇ ಭಾರವಾಗುತ್ತದೆ.

ಇಷ್ಟು ಕಲಿಸುವ ಚಕ್ರಕ್ಕೆ ದೊಡ್ಡ ಕೊರತೆಯೊಂದಿದೆ. ಅದು ಮೂಗಿನ ಚಕ್ರ. ಒಗರಿಗೆ ಅದರಲ್ಲಿ ಮನೆಯಿಲ್ಲ. ಕೆಂಪು ವೈನನ್ನು ಕೆಂಪು ವೈನಾಗಿಸುವುದೇ ಒಗರು. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಇಳಿದ ಟ್ಯಾನಿನ್ ಎಂಜಲಿನ ಪ್ರೋಟೀನನ್ನು ಹಿಡಿದು ಬಾಯಿಯ ನುಣುಪನ್ನು ತೆಗೆದುಬಿಡುತ್ತದೆ. ಬೇರೆ ಭಾಷೆಯವರು ಇದನ್ನು ವಿವರಿಸಲು ತಿಣುಕುವುದನ್ನು ಓದಿದ್ದೇನೆ. ನಮಗೆ ಒಗರು ಆರು ರುಚಿಗಳಲ್ಲೊಂದು. ನೇರಳೆ ತಿಂದ ನಾಲಿಗೆ, ಬಾಳೆಕಾಯಿ ಹೆಚ್ಚಿದ ಕೈ, ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು, ಇವೆಲ್ಲ ಒಗರಿನ ಪಾಠಗಳೇ. ಎಳೆಯ ಕ್ಯಾಬರ್ನೆಯ ಒಗರು ಹಸಿ ಅಡಿಕೆಯಂತೆ ಒಸಡನ್ನು ಹಿಡಿಯುತ್ತದೆ, ವರ್ಷಗಳು ಕಳೆದ ಮೇಲೆ ಅದೇ ವೈನಿನಲ್ಲಿ ಮಾಗಿದ ನೇರಳೆಯಂತೆ ಮೆತ್ತಗಾಗುತ್ತದೆ. ಈ ಏಣಿಯನ್ನು ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನೊಂದು ಮಾತು ಚಕ್ರವನ್ನು ಮೀರಿ ಇಡೀ ವೈನ್ ವಿಮರ್ಶೆಗೇ ಸಂಬಂಧಿಸಿದ್ದು. ಅಮೆರಿಕ ಮೂಲದ ಲಾಬ್ರುಸ್ಕ ಜಾತಿಯ ದ್ರಾಕ್ಷಿಗಳ ವಾಸನೆಯನ್ನು ಇಂಗ್ಲಿಷ್ ವಿಮರ್ಶಕರು ನರಿಯ ಹೆಸರು ಹಿಡಿದು ಕರೆಯುತ್ತಾರೆ, ದೋಷವೆಂದು ಎಣಿಸುತ್ತಾರೆ. ಆ ಬಳಗದ್ದೇ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ, 2013ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದದ್ದು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆದವರಿಗೆ ದ್ರಾಕ್ಷಿ ಎಂದರೆ ನೆನಪಾಗುವ ಪರಿಮಳವೇ ಅದು. ಸಿಹಿಯಿಲ್ಲದ ವೈನಿನಲ್ಲಿ ಅದು ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅದನ್ನು ಕೊಳಕಿನ ಸಾಲಿಗೆ ಸೇರಿಸುವುದು ವಿಮರ್ಶೆಯಲ್ಲ, ಪರಿಚಯವಿಲ್ಲದ್ದನ್ನು ಕೀಳೆನ್ನುವ ಅಭ್ಯಾಸ. ಸಿಹಿ ವೈನಿನಲ್ಲಿ ಆ ಘಮ ತನ್ನ ಊರಿನ ಗುರುತನ್ನು ಸ್ಪಷ್ಟವಾಗಿ ಹೇಳುತ್ತದೆ.

ನೋಬಲ್ ಅವರ ಕ್ರಮವನ್ನು ಪೂರ್ತಿ ಉಳಿಸಿಕೊಂಡು ಹೊರಸುತ್ತನ್ನು ನಮ್ಮ ವಸ್ತುಗಳಿಂದ ತುಂಬಬೇಕೆಂಬುದು ನನ್ನ ವಾದ. ನೆಲ್ಲಿಕಾಯಿ ಹುಡುಕಿ ಸೋತ ಆ ಬಿಳಿ ವೈನಿನ ಎದುರು ನನ್ನ ಟಿಪ್ಪಣಿ ಪುಸ್ತಕದಲ್ಲಿ ಈಗ 'ಅಪ್ಪೆಮಿಡಿಯ ಸೊನೆ' ಎಂದಿದೆ. ಸಾಗರ, ಸಿರಸಿಯ ಕಡೆ ಉಪ್ಪಿನಕಾಯಿಗೆ ಮಿಡಿ ಆರಿಸುವವರು ತೊಟ್ಟು ಮುರಿದು ಮೂಸುತ್ತಾರೆ, ಇದು ಯಾವ ಹೊಳೆದಂಡೆಯ ಮರದ್ದೆಂದು ವಿಚಾರಿಸುತ್ತಾರೆ. ಮಹಾರಾಷ್ಟ್ರದ ನಾಸಿಕದ ಲೋಟಕ್ಕೂ ನ್ಯೂಜಿಲೆಂಡಿನ ಮಾರ್ಲ್‌ಬರೋದ ಲೋಟಕ್ಕೂ ಕೇಳಬೇಕಾದ ಪ್ರಶ್ನೆ ಅದೇ.