ಚಾಕಿ ಕೋಣೆ

ಹಾವೇರಿ, ರಾಣೆಬೆನ್ನೂರು ಕಡೆಯ ರೇಷ್ಮೆ ರೈತರ ಹಿತ್ತಲಲ್ಲಿ ಮೊದಲು ಕಣ್ಣಿಗೆ ಬೀಳುವುದು ದೊಡ್ಡ ಹುಳು ಮನೆ. ನನಗೆ ಹೆಚ್ಚು ಇಷ್ಟ, ಮೊಟ್ಟೆ ಒಡೆಸಿ ಎಳೆಯ ಹುಳು ಸಾಕಲೆಂದೇ ಕಟ್ಟಿದ ಪುಟ್ಟ ಚಾಕಿ ಕೋಣೆ.

ಮೊಟ್ಟೆಗೆ ಬೇಕಾದದ್ದು 25 ಡಿಗ್ರಿ ಶಾಖ, ಶೇ 75ರಿಂದ 80ರಷ್ಟು ತೇವ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಇದೇನು ಸುಲಭವೇ? ಅದಕ್ಕೇ ದಪ್ಪ ಗೋಡೆ, ಎತ್ತರದಲ್ಲಿ ಸಣ್ಣ ಕಿಟಕಿ, ನೀರು ಚಿಮುಕಿಸಿದ ಗೋಣಿಚೀಲದ ಪರದೆ. ಬ್ಯಾಡಗಿ ಸೀಮೆಯಲ್ಲಿ ಇನ್ನೊಂದು ಎಚ್ಚರ: ಪಕ್ಕದ ಮೆಣಸಿನಕಾಯಿ, ಹತ್ತಿ ಹೊಲಕ್ಕೆ ಹೊಡೆದ ಔಷಧ ಗಾಳಿಯಲ್ಲಿ ಬಂದರೂ ಹುಳು ಸಾಯುತ್ತದೆ. ಕೋಣೆಯ ಬಾಗಿಲು ಯಾವ ದಿಕ್ಕಿಗಿರಬೇಕೆಂಬುದನ್ನು ವಾಸ್ತುವಿಗಿಂತ ಮೊದಲು ಆ ಹೊಲವೇ ನಿರ್ಧರಿಸಬೇಕು.

ಈ ಕೋಣೆಯ ನಿಜವಾದ ಜಾಣ್ಮೆ ಇರುವುದು ಕತ್ತಲೆಯಲ್ಲಿ. ಒಂದು ಹಾಳೆಯ ಮೇಲಿರುವ ಮೊಟ್ಟೆಗಳೆಲ್ಲ ಒಂದೇ ವೇಗದಲ್ಲಿ ಬಲಿಯುವುದಿಲ್ಲ. ಮೊಟ್ಟೆಯ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಂಡಾಗ ಹಾಳೆಯನ್ನು ಕಪ್ಪು ಕಾಗದದಲ್ಲಿ ಸುತ್ತಿ, ಸುಮಾರು ಎರಡು ದಿನ ಪೆಟ್ಟಿಗೆಯಲ್ಲಿಡುತ್ತಾರೆ. ಮುಂದಿದ್ದವು ಕಾಯುತ್ತವೆ, ಹಿಂದಿದ್ದವು ಬಂದು ಸೇರುತ್ತವೆ. ಬೆಳಗಿನ ಜಾವ ಬಿಚ್ಚಿ ಬೆಳಕಿಗೆ ಹಿಡಿದರೆ ಸಾವಿರಾರು ಕಪ್ಪು ಮರಿಗಳು, ಒಂದೊಂದೂ 3 ಮಿಲಿಮೀಟರ್‌ನಷ್ಟು, ಒಟ್ಟಿಗೇ ಹೊರಬರುತ್ತವೆ. ಒಟ್ಟಿಗೆ ಹುಟ್ಟಿದವು ಒಟ್ಟಿಗೇ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂರುತ್ತವೆ, ಒಟ್ಟಿಗೇ ಹಣ್ಣಾಗಿ ಗೂಡು ಕಟ್ಟಲು ಅಣಿಯಾಗುತ್ತವೆ. ಸೊಪ್ಪು ಹಾಕುವವರ ಕೈಗೂ ಬಿಡುವು ಸಿಗುತ್ತದೆ.

ಈಗ ಬಹಳಷ್ಟು ರೈತರು ಎರಡನೇ ಜ್ವರ ದಾಟಿದ ಹುಳುವನ್ನೇ ಚಾಕಿ ಕೇಂದ್ರದಿಂದ ತರುತ್ತಾರೆ. ಒಳ್ಳೆಯದೇ. ಆ ಕೇಂದ್ರಗಳೂ ಇದೇ ಶಾಖ, ತೇವ, ಕತ್ತಲೆಯ ಲೆಕ್ಕವನ್ನೇ ದೊಡ್ಡದಾಗಿ ನಡೆಸುತ್ತಿವೆ.