ಗಾಳಿ ತಿರುಗಿಸುವ ಬುಗುರಿ

ಥಾಮಸ್ ಗೋಲ್ಡ್ ಮತ್ತು ಸ್ಟೀವನ್ ಸೋಟರ್ 1969ರಲ್ಲಿ ‘ಇಕಾರಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಶುಕ್ರನ ಕುರಿತ ಪ್ರಬಂಧ ಅರ್ಧ ಸರಿ, ಅರ್ಧ ತಪ್ಪು. ಆದರೂ ಆ ಗ್ರಹದ ಬಗ್ಗೆ ಬಂದ ಬರಹಗಳಲ್ಲಿ ನನಗೆ ಅದರಷ್ಟು ಪ್ರಿಯವಾದದ್ದು ಇನ್ನೊಂದಿಲ್ಲ.

ಚಂದ್ರ ನಮಗೆ ಸದಾ ಒಂದೇ ಮುಖ ತೋರುವಂತೆ ಶುಕ್ರನೂ ಸೂರ್ಯನಿಗೆ ಒಂದೇ ಮುಖ ಕೊಟ್ಟು ಸುತ್ತಬೇಕಿತ್ತು. ಸೂರ್ಯನ ಸೆಳೆತಕ್ಕೆ ಗ್ರಹದ ಬಂಡೆಯೊಡಲು ತುಸು ಉಬ್ಬುತ್ತದೆ. ಆ ಉಬ್ಬನ್ನು ಎಳೆದೆಳೆದೇ ಸೂರ್ಯ ಗ್ರಹವನ್ನು ಆ ಸ್ಥಿತಿಗೆ ತರುತ್ತಾನೆ. ಶುಕ್ರ ಮಾತ್ರ ಹಿಮ್ಮುಖವಾಗಿ, 243 ದಿನಕ್ಕೊಮ್ಮೆ ತನ್ನ ಸುತ್ತ ತಿರುಗುತ್ತಲೇ ಇದೆ. ಏಕೆ?

ಗಾಳಿಯಿಂದ, ಎಂದರು ಇಬ್ಬರೂ. ಅದರ ಕೆಲಸವನ್ನು ನಮ್ಮೂರಲ್ಲೇ ನೋಡಬಹುದು. ಉಷ್ಣವಲಯದಲ್ಲಿ, ಗಾಳಿಮಳೆಯ ಗಲಾಟೆಯಿಲ್ಲದ ದಿನ ವಾಯುಭಾರಮಾಪಕದ ಮುಂದೆ ಕೂತರೆ, ಒತ್ತಡ ಬೆಳಿಗ್ಗೆ 10ರ ಸುಮಾರಿಗೆ ಏರುತ್ತದೆ, ಸಂಜೆ 4ಕ್ಕೆ ಇಳಿಯುತ್ತದೆ, ರಾತ್ರಿ 10ಕ್ಕೆ ಮತ್ತೆ ಏರುತ್ತದೆ. ಬಿಸಿಲು ಎಬ್ಬಿಸಿದ ಉಬ್ಬರವಿಳಿತ ಇದು. ಗಾಳಿಯ ಉಬ್ಬು ನಡುಹಗಲಿನ ನೆತ್ತಿಯಡಿ ನಿಲ್ಲದೆ ಬೆಳಗಿನ ಕಡೆ ನಿಲ್ಲುವುದರಿಂದ, ಸೂರ್ಯ ಅದನ್ನು ಎಳೆದಾಗ ನೆಲದ ತಿರುಗಾಟಕ್ಕೆ ಚೂರು ವೇಗ ಸಿಗುತ್ತದೆ. ಭೂಮಿಯ ಮಟ್ಟಿಗೆ ಇದನ್ನು ಕೆಲ್ವಿನ್ 1882ರಲ್ಲೇ ಹೇಳಿದ್ದರು. ಇಲ್ಲಿ ಅದು ಅತ್ಯಲ್ಪ. ಶುಕ್ರನ ನೆಲದ ಮೇಲೆ ಗಾಳಿಯ ಒತ್ತಡ ನಮ್ಮದರ 90 ಪಟ್ಟು; ಅಲ್ಲಿ ಬಂಡೆಯ ಉಬ್ಬರ ಒಂದು ಕಡೆ ಜಗ್ಗಿದರೆ ಗಾಳಿಯ ಉಬ್ಬರ ಇನ್ನೊಂದು ಕಡೆ ಸರಿಸಮನಾಗಿ ಜಗ್ಗುತ್ತದೆ. ಈ ವಾದ ಇಂದಿಗೂ ನಿಂತಿದೆ.

ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಶುಕ್ರ ಭೂಮಿಯ ಹತ್ತಿರ ಬರುವುದು ಸುಮಾರು 584 ದಿನಕ್ಕೊಮ್ಮೆ. ಅಷ್ಟರಲ್ಲಿ ಅಲ್ಲಿ ಹೆಚ್ಚುಕಡಿಮೆ 5 ಹಗಲುರಾತ್ರಿ ಕಳೆದಿರುತ್ತವೆ, ಪ್ರತಿ ಸಲ ಒಂದೇ ಮುಖ ನಮ್ಮತ್ತ ಇರುತ್ತದೆ. ಹಾಗಾಗಿ ಭೂಮಿಯೇ ಶುಕ್ರನನ್ನು ಕಟ್ಟಿಹಾಕಿದೆ ಎಂದುಕೊಂಡರು. ಅಷ್ಟು ಚೆಂದದ ಲೆಕ್ಕ ಕಂಡರೆ ಯಾರಾದರೂ ನಂಬಿಯಾರು; ಆದರೆ ಭೂಮಿಯ ಸೆಳೆತ ಅಲ್ಲಿಗೆ ತಲುಪುವ ಹೊತ್ತಿಗೆ ತೀರ ದುರ್ಬಲ ಎಂಬುದನ್ನು ಅವರು ಇನ್ನಷ್ಟು ಗಟ್ಟಿಯಾಗಿ ತೂಗಬೇಕಿತ್ತು. ಕಟ್ಟು ನಿಜವಾಗಲು 243.16 ದಿನ ಬೇಕು. 2021ರಲ್ಲಿ ಪ್ರಕಟವಾದ ರಾಡಾರ್ ಅಳತೆಯ ಸರಾಸರಿ 243.02. ವ್ಯತ್ಯಾಸ ಮೂರು ಗಂಟೆಗೂ ಹೆಚ್ಚು. ಶುಕ್ರನ ತಿರುಗಾಟದಲ್ಲಿ ಕಂಡ ಏರುಪೇರು 20 ನಿಮಿಷದಷ್ಟೇ.

ಉಳಿದರ್ಧದ ಬೆಲೆ 2015ರಲ್ಲಿ ಮತ್ತೆ ಏರಿತು. ಕಿರುನಕ್ಷತ್ರಗಳ ಸುತ್ತಣ ಗ್ರಹಗಳಲ್ಲಿ ಒಂದು ಮೈ ಸದಾ ಹಗಲು, ಇನ್ನೊಂದು ಸದಾ ಇರುಳು ಎಂದೇ ಎಲ್ಲರೂ ಬರೆಯುತ್ತಿದ್ದರು. ನಮ್ಮದರಷ್ಟೇ ತೆಳು ಗಾಳಿ ಇದ್ದರೂ ಅಂಥ ಹಲವು ಗ್ರಹಗಳು ತಿರುಗುತ್ತಿರಬಲ್ಲವು ಎಂದು ಜೆರೆಮಿ ಲೆಕಾಂಟ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ನಕ್ಷತ್ರಕ್ಕೆ ತೀರ ಅಂಟಿಕೊಂಡವುಗಳಲ್ಲಿ ಬಂಡೆಯೇ ಗೆಲ್ಲುತ್ತದೆ. ತುಸು ದೂರದವುಗಳಲ್ಲಿ ಸೂರ್ಯೋದಯ ಉಂಟು.